ಕೋವಿಗೆ ಹೂವು, ಕಿವಿಗೆ ಏನು?

ಕೈಲ್‌ಪೊಳ್ದ್ ಬಂತು ಅಂದರೆ ನಮ್ಮ ಕೊಡಗಿನಲ್ಲಿ ಕೋವಿಗೆ ಸಿಗುವ ಮರ್ಯಾದೆ ಮನೆಯ ಹೊಸ ಅಳಿಯನಿಗೂ ಸಿಗೋದಿಲ್ಲ. ನಾಟಿ ಕೆಲಸ ಮುಗಿಯುವ ತನಕ ಕನ್ನಿಕೊಂಬರೆಯಲ್ಲಿ ಸುಮ್ಮನೆ ಕೂತಿದ್ದ ಕೋವಿ ಹೊರಗೆ ಬರ್ತದೆ. ಒರೆಸಿ, ಎಣ್ಣೆ ಹಚ್ಚಿ, ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಸಾಲಾಗಿ ಇಡ್ತಾರೆ. ದೀಪ, ಪೂಜೆ, ನಮಸ್ಕಾರ. ಆಮೇಲೆ ಕಡಂಬುಟ್ಟು, ಪಂದಿಕರಿ. ಅದೂ ಮುಗಿದ ಮೇಲೆ ಊರ ಮಂದ್‌ಗೋ ಶಾಲೆಯ ಮೈದಾನಕ್ಕೋ ನಡೆದು ತೆಂಗಿನಕಾಯಿಗೆ ಗುಂಡು.

ಈ ಸಂಭ್ರಮದ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಕೋವಿ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆಯೂ ಇಲ್ಲ. ಬ್ರಿಟಿಷರ ಕಾಲದಿಂದ ನಡೆದು ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ತನಕ, ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿಯಲ್ಲಿ 2021ರಲ್ಲಿ ವಿನಾಯಿತಿಯೇ ಗೆದ್ದಿತು. ಆ ಜಗಳ ವಕೀಲರಿಗೆ ಇರಲಿ. ನಮ್ಮ ಪ್ರಶ್ನೆ ಸಣ್ಣದು. ಕೋವಿಗೆ ಇಷ್ಟೆಲ್ಲಾ ಉಪಚಾರ ಮಾಡುವ ನಾವು, ಅದರಿಂದ ಎರಡು ಮೂರು ಅಡಿ ದೂರದಲ್ಲಿರುವ ನಮ್ಮ ಕಿವಿಗೆ ಏನು ಮಾಡಿದ್ದೇವೆ?

ಏನೂ ಮಾಡಿಲ್ಲ ಸ್ವಾಮಿ. ಬಹಳ ಆಯಿತು ಅಂದರೆ ಬಟ್ಟೆ ಅಂಗಡಿಯ ಹತ್ತಿ.

ಸಂತೆ ದಿನ ಗೋಣಿಕೊಪ್ಪಲಿನಲ್ಲೋ ವಿರಾಜಪೇಟೆಯಲ್ಲೋ ಅಂಗಡಿ ಬಾಗಿಲು ತೆಗೆದು ಕೂತವರಿಗೆ ನಾವು ಹೇಳುವುದು ಬೇಗ ಅರ್ಥವಾಗುತ್ತದೆ. ಒಂದು ಬಗೆಯ ಗಿರಾಕಿ ಉಂಟು. ವಯಸ್ಸು ಐವತ್ತು, ಐವತ್ತೈದು, ಅಷ್ಟೇನೂ ಮುದುಕರಲ್ಲ. ಮೀಸೆ ಗಟ್ಟಿ, ನಡಿಗೆ ಗಟ್ಟಿ, ದನಿ ಇನ್ನೂ ಗಟ್ಟಿ. ನೀವು ಬೆಲೆ ಹೇಳಿದರೆ "ಹ್ಞಾಂ?" ಅಂತಾರೆ. ಇನ್ನೊಮ್ಮೆ ಹೇಳಿದರೂ "ಹ್ಞಾಂ?" ಮೂರನೆಯ ಸಲ ನೀವು ಜೋರಾಗಿ ಕೂಗಿದರೆ, "ಯಾಕೆ ಕಿರುಚ್ತೀರಿ, ನನಗೇನು ಕಿವುಡಾ?" ಅಂತ ರೇಗ್ತಾರೆ. ಬಸ್ಸಿನಲ್ಲಿ ಇಂಥವರ ಪಕ್ಕ ಕೂತವರಿಗೂ ಗೊತ್ತು. ಬಲಗಡೆಯವರ ಮಾತಿಗೆ ಸರಿಯಾಗಿ ಉತ್ತರ ಕೊಡ್ತಾರೆ. ಎಡಗಡೆಯವರು ಏನು ಹೇಳಿದರೂ ನಕ್ಕು ತಲೆಯಾಡಿಸ್ತಾರೆ, ಅಷ್ಟೆ.

ಇವರಲ್ಲಿ ಎಲ್ಲರೂ ಕೋವಿ ಹಿಡಿದವರೇ ಅಂತ ನಾವು ಹೇಳುವುದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಕಿವಿ ಸೋರುವ ಹಳೆಯ ತೊಂದರೆ, ಮಿಲ್ಲಿನ ಮೆಷಿನ್ನು, ಹೀಗೆ ಕಾರಣ ಹತ್ತು. ಆದರೆ ಎಡಗಿವಿ, ಬಲಗಿವಿ ಎಂಬ ಆ ವ್ಯತ್ಯಾಸ ಇದೆಯಲ್ಲ, ಅಲ್ಲಿ ಕೋವಿಯ ಗುರುತು ಕಾಣ್ತದೆ. ಬಲ ಹೆಗಲಿಗೆ ಕೋವಿ ಕೊಟ್ಟು, ಬಲಗೆನ್ನೆಯನ್ನು ಅದರ ಮರಕ್ಕೆ ಒತ್ತಿ ಗುರಿ ನೋಡುವವನ ಭಂಗಿ ನೆನಪು ಮಾಡಿಕೊಳ್ಳಿ. ಎಡಗಿವಿ ಸೀದಾ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ. ಬಲಗಿವಿ ತಲೆಯ ಮರೆಯಲ್ಲಿ, ಹೆಗಲ ಮರೆಯಲ್ಲಿ ಅಡಗಿರುತ್ತದೆ. ಆದ್ದರಿಂದ ಬಲಗೈ ಗುರಿಕಾರನಿಗೆ ಮೊದಲು ಹೋಗುವುದು ಎಡಗಿವಿ. ಎಡಗೈಯವನಿಗೆ ತಿರುಗಾಮುರುಗಾ. ಕಿವಿಯ ಡಾಕ್ಟರುಗಳು ಪರೀಕ್ಷೆಯ ಚೀಟಿ ನೋಡಿಯೇ "ಕೋವಿ ಹೊಡೀತೀರಾ?" ಅಂತ ಕೇಳುವುದು ಇದರಿಂದಲೇ. ಜ್ಯೋತಿಷ್ಯ ಏನಲ್ಲ.

ಕಿವಿಯೊಳಗೆ ಆಗುವುದೇನು ಅಂತ ಸ್ವಲ್ಪ ನೋಡೋಣ. ತಮಟೆಯ ಆಚೆ, ಮೂಳೆಯ ಒಳಗೆ, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಂದು ಕೊಳವೆ ಇದೆ. ಅದರೊಳಗೆ ನೀರು, ನೀರಿನಲ್ಲಿ ಸೂಕ್ಷ್ಮ ಕೂದಲುಳ್ಳ ಜೀವಕೋಶಗಳು. ಒಂದೊಂದು ಕಿವಿಯಲ್ಲಿ ಸುಮಾರು ಹದಿನೈದು ಸಾವಿರ. ಸದ್ದು ಬಂದಾಗ ಗಾಳಿಗೆ ಭತ್ತದ ಗದ್ದೆ ಬಾಗಿದ ಹಾಗೆ ಈ ಕೂದಲು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಸಣ್ಣ ಗಾಳಿಗೆ ಬಾಗಿದ ಪೈರು ಮತ್ತೆ ಏಳುತ್ತದೆ. ಬಿರುಗಾಳಿಗೆ ಮಲಗಿದ್ದು ಏಳೋದಿಲ್ಲ. ಗದ್ದೆಯಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಕಿವಿಯಲ್ಲಿ ಎರಡನೆಯ ನಾಟಿ ಇಲ್ಲ. ಮನುಷ್ಯನಿಗೆ ಆ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಔಷಧಿ ಇಲ್ಲ, ಆಪರೇಷನ್ನೂ ಇಲ್ಲ.

ಕಣ್ಣಿಗೆ ರೆಪ್ಪೆ ಇರುವ ಹಾಗೆ ಕಿವಿಯಲ್ಲೂ ಒಂದು ಪುಟ್ಟ ಸ್ನಾಯು ಇದೆ. ಜೋರು ಸದ್ದು ಬಂದರೆ ಒಳಗಿನ ಮೂಳೆಯನ್ನು ಬಿಗಿ ಹಿಡಿದು ಸದ್ದನ್ನು ತಡೆಯುವುದು ಅದರ ಕೆಲಸ. ಗುಡುಗು, ಡೋಲು ಇವಕ್ಕೆಲ್ಲ ಅದು ಸ್ವಲ್ಪ ಉಪಕಾರಕ್ಕೆ ಬರ್ತದೆ. ಗುಂಡಿನ ಸದ್ದು ಮಾತ್ರ ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ. ಸ್ನಾಯು ಎಚ್ಚರಗೊಳ್ಳುವಷ್ಟರಲ್ಲಿ ಕಳ್ಳ ಬಂದು ಹೋಗಿ ಆಗಿರುತ್ತದೆ.

ಇನ್ನು ಲೆಕ್ಕ. ಸದ್ದನ್ನು ಅಳೆಯುವುದು ಡೆಸಿಬೆಲ್ ಎಂಬ ಮಾನದಲ್ಲಿ. ಇದು ಚಕ್ರಬಡ್ಡಿಯಂಥ ಮಾನ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು, ಮೂವತ್ತು ಏರಿದರೆ ಸಾವಿರ ಪಟ್ಟು. ಎದುರುಬದುರು ಕೂತು ಮಾತಾಡಿದರೆ ಸುಮಾರು 60. ಪಾಯಿಂಟ್ ಟೂ ಟೂ ರೈಫಲ್ಲು, ನಾವು ಮಕ್ಕಳಾಟಿಕೆ ಅಂತ ತಿಳಿದಿರುವ ಅದೇ ಸಣ್ಣ ರೈಫಲ್ಲು, ಹೊಡೆಯುವವನ ಕಿವಿಯ ಹತ್ತಿರ 140ರ ಆಸುಪಾಸು. ಹನ್ನೆರಡು ಬೋರಿನ ತೋಟೆ ಕೋವಿ 150ರಿಂದ 165. ಮಾತಿನ 60 ಎಲ್ಲಿ, ಕೋವಿಯ 150 ಎಲ್ಲಿ! ಶಕ್ತಿಯ ಲೆಕ್ಕದಲ್ಲಿ ನೂರು ಕೋಟಿ ಪಟ್ಟು. ಅಂಗಡಿಯವರು ಬೇಕಾದರೆ ಕ್ಯಾಲ್ಕುಲೇಟರ್ ತೆಗೆದು ನೋಡಲಿ.

ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ಕೂಲಿಕಾರನ ಕಿವಿಗೆ ದಿನಕ್ಕೆ ಎಂಟು ಗಂಟೆ 90 ಡೆಸಿಬೆಲ್ಲಿನ ಮಿತಿ ಇದೆ. ಸಿಡಿತದ ಸದ್ದು ಒಂದೇ ಒಂದು ಸಲವೂ 140 ದಾಟಬಾರದು ಎಂದೂ ಇದೆ. ಪಟಾಕಿಗೂ ನಿಯಮ ಉಂಟು: ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಅಳೆದಾಗ ಅದರ ಗರಿಷ್ಠ ಸದ್ದು 145 ಮೀರಬಾರದು. ಮೀರಿದರೆ ಮಾರುವಂತಿಲ್ಲ. ದೀಪಾವಳಿ ಬಂದಾಗ ಈ ಬಗ್ಗೆ ಎಷ್ಟು ಭಾಷಣ, ಎಷ್ಟು ಕರಪತ್ರ! ನಾಲ್ಕು ಮೀಟರ್ ದೂರದ ಪಟಾಕಿಗೆ ಇಷ್ಟು ಕಟ್ಟುನಿಟ್ಟು ಮಾಡುವ ನಾವು, ಕೆನ್ನೆಗೆ ಒತ್ತಿ ಹಿಡಿದ ಕೋವಿಯ ಬಗ್ಗೆ ಮಾತೇ ಆಡೋದಿಲ್ಲ.

"ನಾನು ಮೂವತ್ತು ವರ್ಷದಿಂದ ಹೊಡೀತಿದ್ದೇನೆ, ಏನೂ ಆಗಿಲ್ಲ" ಅನ್ನುವವರು ಊರಿಗೆ ಹತ್ತು ಜನ ಸಿಗ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಕೋವಿ ಕಿವಿಯನ್ನು ತೆಗೆದುಕೊಂಡು ಹೋಗುವುದು ಮೋಸದ ಕ್ರಮದಲ್ಲಿ. ಗುಂಡು ಹೊಡೆದ ದಿನ ರಾತ್ರಿ ಕಿವಿಯೊಳಗೆ ಗುಂಯ್ ಅಂತದೆ, ಹತ್ತಿ ತುರುಕಿದ ಹಾಗೆ ಮಂಕಾಗುತ್ತದೆ. ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸರಿಹೋಯಿತು ಅಂತ ನಾವು ಮರೆಯುತ್ತೇವೆ. ಕಿವಿ ಮರೆಯೋದಿಲ್ಲ. ಪ್ರತಿ ಸಲವೂ ಸ್ವಲ್ಪ ಹಿಡಿದುಕೊಂಡು ಬಾಕಿ ವಾಪಸು ಕೊಡುತ್ತದೆ.

ಅದು ಮೊದಲು ಹಿಡಿದುಕೊಳ್ಳುವುದು ಕೀಚಲು ಸ್ವರಗಳನ್ನು. ಕಾಡಿನ ಜೀರುಂಡೆ, ಹಕ್ಕಿಯ ಸಿಳ್ಳು, ಮೊಬೈಲಿನ ಸಣ್ಣ ಗಂಟೆ. ಇವು ಕೇಳಿಸದೆ ಹೋದರೆ ಯಾರು ಗಮನಿಸ್ತಾರೆ? ಆಮೇಲೆ ಮಾತಿಗೆ ಕೈ ಹಾಕುತ್ತದೆ. ನಮ್ಮ ಅ, ಆ, ಓ ಇವೆಲ್ಲ ದಪ್ಪ ಸ್ವರಗಳು, ದೂರಕ್ಕೂ ಕೇಳ್ತವೆ. ಸ, ಶ, ಕ, ತ, ಪ ಇವು ತೆಳು. ಮಾತಿನ ಅರ್ಥ ನಿಂತಿರುವುದು ಈ ತೆಳು ಅಕ್ಷರಗಳ ಮೇಲೆ. ಇವು ಅಳಿಸಿಹೋದರೆ ಕಾಲು, ಸಾಲು, ಪಾಲು ಮೂರೂ ಒಂದೇ. "ಸಾಲ ಕೊಡಿ" ಅಂದದ್ದು "ಕಾಲ ಕೊಡಿ" ಅಂತ ಕೇಳಿಸಿದರೆ ವ್ಯಾಪಾರ ಹೇಗೆ ಮಾರಾಯ್ರೆ? ಇಂಥವರು "ಸದ್ದು ಕೇಳ್ತದೆ, ಮಾತು ಗೊತ್ತಾಗೋದಿಲ್ಲ" ಅನ್ನುವುದು ಇದಕ್ಕೇ. ಗಂಡಸರ ಮಾತಿಗಿಂತ ಹೆಂಗಸರ ಮಾತು, ಮಕ್ಕಳ ಮಾತು ಇನ್ನೂ ಕಷ್ಟ. ಹೆಂಡತಿ ಹೇಳಿದ್ದು ಬೇಕೆಂದೇ ಕೇಳಿಸಿಕೊಳ್ಳೋದಿಲ್ಲ ಅಂತ ಎಷ್ಟೋ ಮನೆಯಲ್ಲಿ ಜಗಳ. ಪಾಪ, ಅರ್ಧದಷ್ಟು ಸಲ ಅದು ಉದ್ದೇಶಪೂರ್ವಕ ಅಲ್ಲದಿರಬಹುದು. ಇನ್ನರ್ಧದ ಬಗ್ಗೆ ನಾವು ಜವಾಬ್ದಾರರಲ್ಲ.

ನಗುವ ಮಾತಲ್ಲದ್ದು ಮುಂದೆ ಬರ್ತದೆ. ಕೆಲವರ ಕಿವಿಯಲ್ಲಿ ಆ ಗುಂಯ್ ಅನ್ನುವುದು ನಿಲ್ಲುವುದೇ ಇಲ್ಲ. ರಾತ್ರಿ ಊರೆಲ್ಲ ಮಲಗಿದ ಮೇಲೆ ಅವರ ತಲೆಯೊಳಗೆ ಮಾತ್ರ ಜೀರುಂಡೆ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಒಂದೂ ತಿಳಿಯೋದಿಲ್ಲ. ಆದ್ದರಿಂದ ಮದುವೆಗೆ ಹೋಗುವುದು ಬಿಡುತ್ತಾರೆ. ಸಂಘದ ಮಹಾಸಭೆಯಲ್ಲಿ ತಪ್ಪು ಉತ್ತರ ಕೊಟ್ಟು ಜನ ನಕ್ಕರೆ, ಮುಂದಿನ ಸಲ ಸಭೆಗೂ ಇಲ್ಲ. ಮೂಲೆಯ ಕುರ್ಚಿಯಲ್ಲಿ ಟಿವಿಯ ಸದ್ದು ಏರಿಸಿ ಕೂರುತ್ತಾರೆ. ಊರಿಗೆಲ್ಲ ಗುರಿಕಾರ ಅಂತ ಹೆಸರು ಮಾಡಿದವನು ಕಡೆಗೆ ಮೊಮ್ಮಗಳ ಮಾತು ಕೇಳಿಸದೆ ತುಟಿ ನೋಡಿಕೊಂಡು ಕೂರುವುದು ಯಾವ ಬಹುಮಾನಕ್ಕೆ ಸಮ, ನೀವೇ ಹೇಳಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಉಂಟು. ಇಲ್ಲಿ ಮನೆಮನೆಯಲ್ಲೂ ಮಾಜಿ ಸೈನಿಕರು. ಹದಿನೈದು ಇಪ್ಪತ್ತು ವರ್ಷ ಪಲ್ಟನ್ನಿನಲ್ಲಿ ಬಂದೂಕಿನ ಸದ್ದು ತಿಂದ ಕಿವಿಯನ್ನೇ ತಂದು ಇಲ್ಲಿ ತೆಂಗಿನಕಾಯಿಯ ಎದುರು ನಿಲ್ಲಿಸ್ತಾರೆ. ಮೊದಲೇ ಅರ್ಧ ಖರ್ಚಾದ ಖಾತೆ ಅದು. ಸ್ಪರ್ಧೆಯಲ್ಲಿ ಅವರೇ ಮುಂದೆ ನಿಂತು ಹುಡುಗರಿಗೆ ಹೇಳಿಕೊಡುವುದೂ ಉಂಟು. ಅಂದರೆ ತಾವು ಹೊಡೆದ ಗುಂಡಿನ ಜೊತೆಗೆ ಪಕ್ಕದವನ ಗುಂಡಿನ ಸದ್ದೂ ಅವರ ಪಾಲಿಗೆ.

ಕಿವಿಯ ಕಥೆ ಇಷ್ಟಾಯಿತು. ಮೈಯ ಬೇರೆ ಭಾಗಗಳೂ ಸುಂಕ ಕಟ್ಟುತ್ತವೆ. ಹನ್ನೆರಡು ಬೋರ್ ಒದೆಯುತ್ತದೆ ಅಂತ ಹೊಡೆದವರಿಗೆಲ್ಲ ಗೊತ್ತು. ಹಬ್ಬಕ್ಕೆ ಎರಡು ಮೂರು ತೋಟೆ ಸಿಡಿಸುವವರಿಗೆ ಹೆಗಲು ನೀಲಿಗಟ್ಟಿದರೆ ವಾರದಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಶೂಟಿಂಗಿನವರ ಮಾತೇ ಬೇರೆ. ಅವರ ಅರ್ಹತಾ ಸುತ್ತಿನಲ್ಲೇ 125 ಬಿಲ್ಲೆ. ಅಭ್ಯಾಸದ ದಿನಗಳ ಲೆಕ್ಕ ಬೇರೆ. ಅಷ್ಟು ಸಲ ಒಂದೇ ಜಾಗಕ್ಕೆ ಒದೆತ ಬಿದ್ದರೆ ಹೆಗಲ ಮೂಳೆಯ ಮುಂಭಾಗದಲ್ಲಿರುವ ಕೊಕ್ಕೆಯಂಥ ತುಂಡು ಕೂದಲೆಳೆಯಷ್ಟು ಬಿರುಕು ಬಿಡುವುದುಂಟು. ವೈದ್ಯರ ಪುಸ್ತಕದಲ್ಲಿ ಈ ನೋವಿಗೆ ಟ್ರ್ಯಾಪ್ ಶೂಟರುಗಳ ಹೆಸರೇ ಅಂಟಿಕೊಂಡಿದೆ.

ಒದೆತವೇ ಇಲ್ಲದ ಕಡೆಯೂ ಮೈ ಸವೆಯುತ್ತದೆ. ಅಭಿನವ್ ಬಿಂದ್ರಾ ಅವರನ್ನು ನೆನೆಯಿರಿ. 2008ರಲ್ಲಿ ಬೀಜಿಂಗಿನಲ್ಲಿ ಏರ್ ರೈಫಲ್ಲಿನಲ್ಲಿ ಚಿನ್ನ ಗೆದ್ದವರು. ಅದಕ್ಕೆ ಎರಡು ವರ್ಷ ಮುಂಚೆ, 2006ರಲ್ಲಿ, ಬೆನ್ನುನೋವಿನಿಂದ ರೈಫಲ್ ಎತ್ತಲಾಗದೆ ದೋಹಾ ಏಷ್ಯನ್ ಕ್ರೀಡಾಕೂಟವನ್ನೇ ಬಿಟ್ಟಿದ್ದರು. ನಿಂತು ಹೊಡೆಯುವವನು ಸೊಂಟ ಮುಂದಕ್ಕೆ ಕೊಟ್ಟು, ಬೆನ್ನನ್ನು ಹಿಂದಕ್ಕೆ ಬಾಗಿಸಿ ತಿರುಚಿ, ನಾಲ್ಕೈದು ಕಿಲೋ ರೈಫಲ್ಲಿನ ಭಾರವನ್ನು ಮೂಳೆಗಳ ಮೇಲೆ ಹೊರಿಸಿ ಗಂಟೆಗಟ್ಟಲೆ ಅಲುಗದೆ ನಿಲ್ಲಬೇಕು. ಹಾಗೆ ವರ್ಷಾನುಗಟ್ಟಲೆ ನಿಂತರೆ ಬೆನ್ನು ದೂರು ಕೊಡದೆ ಇರುತ್ತದೆಯೇ? ಈಗ ಶೂಟಿಂಗ್ ಕಲಿಯಲು ಮಕ್ಕಳನ್ನು ಸೇರಿಸುವ ತಂದೆತಾಯಿ ನಮ್ಮಲ್ಲೂ ಇದ್ದಾರೆ, ಒಳ್ಳೆಯದೇ. ಮಗುವಿಗೆ ಗುರಿ ಕಲಿಸುವ ಕೋಚು ಬೆನ್ನಿನ ವ್ಯಾಯಾಮವನ್ನೂ ಕಲಿಸ್ತಾನಾ ಅಂತ ಒಂದು ಮಾತು ಕೇಳಿ. ಒಳಾಂಗಣದ ರೇಂಜಾದರೆ ಗಾಳಿ ಹೊರಗೆ ಹೋಗುವ ಫ್ಯಾನು ಇದೆಯಾ ಅಂತಲೂ ನೋಡಿ. ಗುಂಡಿನಲ್ಲಿ, ಕೇಪಿನಲ್ಲಿ ಸೀಸ ಇರುತ್ತದೆ. ಆ ಹೊಗೆ, ಧೂಳು ಕೈಗೆ ಮೆತ್ತಿ ಬಾಯಿಗೆ ಹೋಗುವುದು ಮಕ್ಕಳಿಗೆ ಬಹಳ ಕೆಟ್ಟದ್ದು. ಸೋಪು ಹಾಕಿ ಕೈ ತೊಳೆಯದೆ ಬೋಂಡ ತಿನ್ನಬಾರದು.

ಆದರೆ ಹೆಗಲು, ಬೆನ್ನು ನೋವು ಕೊಟ್ಟು ಎಚ್ಚರಿಸುತ್ತವೆ. ಕಿವಿ ಹಾಗಲ್ಲ, ನೋಯದೆ ಹೋಗುತ್ತದೆ. ಆದ್ದರಿಂದ ನಾವು ಮತ್ತೆ ಅಲ್ಲಿಗೇ ಬರ್ತೇವೆ.

ಕೈಲ್‌ಪೊಳ್ದ್ ಸಮಯದಲ್ಲಿ ಊರೂರಿಗೆ ತೆಂಗಿನಕಾಯಿ ಸ್ಪರ್ಧೆ. ತೋಟೆ ಕೋವಿಗೆ ಒಂದು ವಿಭಾಗ, ಪಾಯಿಂಟ್ ಟೂ ಟೂಗೆ ಒಂದು, ಏರ್‌ಗನ್ನಿಗೆ ಒಂದು. ಹೆಂಗಸರೂ ಹೊಡೀತಾರೆ, ಮಕ್ಕಳೂ ಹೊಡೀತಾರೆ. ಸಂಘಟಕರು ಶಾಮಿಯಾನ ಹಾಕಿಸ್ತಾರೆ, ಮೈಕು ತರಿಸ್ತಾರೆ, ಟ್ರೋಫಿ ತರಿಸ್ತಾರೆ, ಗಣ್ಯರಿಗೆ ಹಾರ ತರಿಸ್ತಾರೆ. ಇಷ್ಟರ ಮಧ್ಯೆ ಕಿವಿಗೆ ಹಾಕುವ ನಾಲ್ಕು ಇಯರ್‌ಮಫ್ ತರಿಸುವುದು ಯಾರ ತಲೆಗೂ ಹೊಳೆಯುವುದಿಲ್ಲ. ಗುರಿಕಾರನ ಬಲಕ್ಕೂ ಎಡಕ್ಕೂ ಪುಟ್ಟ ಮಕ್ಕಳು ನಿಂತು ನೋಡ್ತಿರ್ತಾವೆ, ಗುಂಡು ಹಾರಿದ ಮೇಲೆ ಕಿವಿ ಮುಚ್ಚಿಕೊಂಡು ನಗ್ತಾವೆ. ಮುಚ್ಚಬೇಕಾದದ್ದು ಮೊದಲು.

ಹತ್ತಿಯ ಮಾತು ಆಗಲೇ ಬಂತು. ಹತ್ತಿ ತುರುಕಿದರೆ ಮನಸ್ಸಿಗೆ ಸಮಾಧಾನ, ಕಿವಿಗೆ ಏನೂ ಇಲ್ಲ. ಬೆರಳಿನಲ್ಲಿ ಹೊಸೆದು ತುಂಬುವ ಫೋಮಿನ ಇಯರ್‌ಪ್ಲಗ್ ಸಿಗ್ತದೆ. ಒಂದು ತೋಟೆಯ ಬೆಲೆಯೊಳಗೆ ಒಂದು ಜೊತೆ ಬರುತ್ತದೆ. ಸರಿಯಾಗಿ ಹಾಕಿದರೆ ಇಪ್ಪತ್ತು, ಮೂವತ್ತು ಡೆಸಿಬೆಲ್ ಇಳಿಸುತ್ತದೆ. ಚಕ್ರಬಡ್ಡಿಯ ಲೆಕ್ಕ ನೆನಪಿದೆಯಲ್ಲ, ನೂರು ಪಟ್ಟು, ಸಾವಿರ ಪಟ್ಟು ಕಮ್ಮಿ. ಹಾಕುವ ಕ್ರಮ ಇಷ್ಟೆ: ಬತ್ತಿಯ ಹಾಗೆ ಸಣ್ಣಗೆ ಹೊಸೆಯಬೇಕು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ತೂರಿಸಬೇಕು, ಅದು ಉಬ್ಬಿ ತುಂಬಿಕೊಳ್ಳುವ ತನಕ ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ಇಣುಕುತ್ತಿದ್ದರೆ ಅರ್ಧ ಪ್ರಯೋಜನವೂ ಇಲ್ಲ. ತೋಟೆ ಕೋವಿಗೆ ಒಳಗೆ ಪ್ಲಗ್ಗು, ಹೊರಗೆ ಮಫ್ಫು, ಎರಡೂ ಹಾಕುವುದು ಉತ್ತಮ. ಎರಡು ಹಾಕಿದರೆ ಡಬಲ್ ಆಗೋದಿಲ್ಲ, ಇನ್ನೊಂದು ಐದು ಡೆಸಿಬೆಲ್ ಉಳಿಯಬಹುದು. ಆದರೆ ಒಂದು ಜಾರಿದರೂ ಇನ್ನೊಂದು ಇರ್ತದೆ.

"ನಮ್ಮ ಅಜ್ಜಂದಿರು ಇದನ್ನೆಲ್ಲ ಹಾಕಿದ್ರಾ?" ಅಂತ ಕೇಳುವವರಿದ್ದಾರೆ. ಅಜ್ಜಂದಿರು ಕೇಪಿನ ಕೋವಿಗೆ ಮದ್ದು ತುಂಬಿ, ಗಜದಲ್ಲಿ ಜಡಿದು, ಒಂದು ಈಡು ಹೊಡೆಯುವಷ್ಟರಲ್ಲಿ ಒಂದು ಸಿಗರೇಟು ಮುಗಿಯುತ್ತಿತ್ತು. ಈಗಿನ ಹಾಗೆ ಒಂದು ಮಧ್ಯಾಹ್ನ ನೂರಾರು ಗುಂಡು ಒಂದೇ ಮೈದಾನದಲ್ಲಿ ಹಾರುತ್ತಿರಲಿಲ್ಲ. ಅಷ್ಟಕ್ಕೂ ಆ ಅಜ್ಜಂದಿರ ಹತ್ತಿರ ಮಾತಾಡಿದವರು ಕೂಗಿಯೇ ಮಾತಾಡಬೇಕಿತ್ತು ಎಂಬುದು ಹಳೆ ಮಂದಿಗೆ ಮರೆತುಹೋಯಿತೇ?

ಇನ್ನೊಂದು ಆಕ್ಷೇಪಣೆ ಸ್ವಲ್ಪ ಗಟ್ಟಿ. ಕಿವಿ ಮುಚ್ಚಿಕೊಂಡರೆ "ನಿಲ್ಲಿಸಿ" ಅನ್ನುವ ಕೂಗು ಕೇಳಿಸದೆ ಅನಾಹುತ ಆದರೆ? ಸರಿಯಾದ ಪ್ರಶ್ನೆ. ಮಾತನ್ನು ಒಳಗೆ ಬಿಟ್ಟು ಸಿಡಿತವನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಮಫ್ ಇದೆ, ಬೆಲೆ ಸ್ವಲ್ಪ ಹೆಚ್ಚು. ಬೇಡವೆಂದರೆ ಕೆಂಪು ಬಾವುಟ ಹಿಡಿದ ಒಬ್ಬನನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ. ಬಾವುಟ ಎತ್ತಿದರೆ ಕೋವಿ ಇಳಿಯಬೇಕು. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು. ಗುರಿಕಾರನಿಗೆ ಕಣ್ಣು ಇದ್ದೇ ಇರುತ್ತದಲ್ಲ.

ಶಿಕಾರಿಯ ಮಾತು ಎತ್ತುವವರಿಗೂ ಒಂದು ಮಾತು. ಕಾಡಿನಲ್ಲಿ ಎಲೆ ಅಲುಗಿದ್ದು ಕೇಳಬೇಕು, ಕಿವಿ ಮುಚ್ಚಲಾಗದು ಅಂತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ನೆಪಕ್ಕೂ ಜಾಗ ಇಲ್ಲ. ಈಗ ಉಳಿದಿರುವುದು ಹಬ್ಬದ ಗುಂಡು, ಹುತ್ತರಿಯ ಕದಿರು ತೆಗೆಯುವಾಗಿನ ಗುಂಡು, ಹುಟ್ಟು ಸಾವಿನ ಗುಂಡು, ಸ್ಪರ್ಧೆಯ ಗುಂಡು. ಎಲ್ಲವೂ ಮುಂಚೆಯೇ ಗೊತ್ತಿರುವ ಗುಂಡುಗಳು. ತೆಂಗಿನಕಾಯಿ ಓಡಿಹೋಗೋದಿಲ್ಲ. ಪ್ಲಗ್ಗು ಹಾಕಿಕೊಳ್ಳಲು ಒಂದು ನಿಮಿಷ ಕಾಯ್ತದೆ.

ಈಗಾಗಲೇ ಹೊಡೆದು ಹೊಡೆದು ಕಿವಿ ಮಂಕಾದವರು ಮುಚ್ಚಿಟ್ಟುಕೊಂಡು ಕೂರಬಾರದು. ಹೋದದ್ದು ಬಾರದಿದ್ದರೂ ಉಳಿದದ್ದನ್ನು ಉಳಿಸಬಹುದು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರನ್ನು ಕಾಣಿ. ದೊಡ್ಡ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಷ್ಟು ಹಿಂದೆ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರ್ತಾರೆ. ನಮಗೆ ಬೆಳಗಿನ ಬಸ್ಸು ಹತ್ತಿದರೆ ಸಾಯಂಕಾಲ ಮನೆ. ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಸಣ್ಣ ಸಣ್ಣ ಸ್ವರ ಕೇಳಿಸ್ತಾರೆ, ಕೇಳಿದಾಗ ಬೆರಳು ಎತ್ತಬೇಕು, ಅಷ್ಟೆ. ನಾಲ್ಕು ಸಾವಿರದ ಸ್ವರದ ಹತ್ತಿರ ಗೆರೆ ಗುಂಡಿಗೆ ಇಳಿದಿದ್ದರೆ ಅದು ಕೋವಿಯಂಥ ಜೋರು ಸದ್ದಿನ ಬೆರಳಚ್ಚು. ಕನ್ನಡಕ ಹಾಕಿದಷ್ಟು ಸಲೀಸಾಗಿ ಶ್ರವಣ ಯಂತ್ರ ಒಗ್ಗುವುದಿಲ್ಲ, ಅದನ್ನೂ ಹೇಳಿಬಿಡ್ತೇವೆ. ತಟ್ಟೆ ಬಡಿದದ್ದೂ ಜೋರು, ಮಾತೂ ಜೋರು. ತಿಂಗಳುಗಟ್ಟಲೆ ರೂಢಿ ಮಾಡಬೇಕು. ಆದರೂ ಕುರ್ಚಿಯ ಮೂಲೆಗಿಂತ ವಾಸಿ. ಇದ್ದಕ್ಕಿದ್ದ ಹಾಗೆ ಒಂದೇ ಗುಂಡಿಗೆ ಕಿವಿ ಮುಚ್ಚಿಹೋಗಿ ಮರುದಿನವೂ ಬಿಡದಿದ್ದರೆ ಮಾತ್ರ "ನಾಳೆ ನೋಡೋಣ" ಅನ್ನಬೇಡಿ, ಅವತ್ತೇ ಹೋಗಿ.

ಸಂಘಟಕರಿಗೆ ನಾವು ಕೇಳುವುದು ಜಾಸ್ತಿ ಏನಿಲ್ಲ. ಹೊಡೆಯುವ ಗೆರೆಯ ಹತ್ತಿರ ಒಂದು ಮೇಜು, ಮೇಜಿನ ಮೇಲೆ ಮಫ್ಫು, ಒಂದು ಡಬ್ಬ ಪ್ಲಗ್ಗು. ಹಾಕದವನಿಗೆ ತೋಟೆ ಕೊಡಬಾರದು, ಅವನು ಎಷ್ಟು ದೊಡ್ಡ ಮನೆತನದವನಾದರೂ ಸರಿ, ಉದ್ಘಾಟನೆಯ ಮೊದಲ ಗುಂಡು ಹೊಡೆಯುವ ಗಣ್ಯನಾದರೂ ಸರಿ. ನೋಡುವವರಿಗೆ ಹಗ್ಗ ಕಟ್ಟಿ, ನಳಿಗೆಯ ಬಾಯಿಯ ಪಕ್ಕದಲ್ಲಲ್ಲ, ಹೊಡೆಯುವವನ ಹಿಂದೆ ದೂರದಲ್ಲಿ. ತಗಡಿನ ಶೆಡ್ಡಿನ ಕೆಳಗೆ ನಿಂತು ಹೊಡೆಯುವುದು ಬೇಡ, ಸದ್ದು ತಿರುಗಿ ಬಡಿಯುತ್ತದೆ. ಮಕ್ಕಳಿಗೆ ಏರ್‌ಗನ್ ವಿಭಾಗ ಸಾಕು, ಅದರ ಸದ್ದು ತೋಟೆ ಕೋವಿಯ ಹತ್ತಿರಕ್ಕೂ ಬರೋದಿಲ್ಲ. ಪೇಟೆಯ ಅಂಗಡಿಯವರು ಟ್ರೋಫಿಗೆ ಚಂದಾ ಕೊಡುವಾಗ "ಒಂದು ಟ್ರೋಫಿ ಕಮ್ಮಿ ಮಾಡಿ, ಆ ದುಡ್ಡಿಗೆ ಮಫ್ಫು ತನ್ನಿ, ಬೇಕಾದರೆ ಅದರ ಮೇಲೇ ನಮ್ಮ ಅಂಗಡಿ ಹೆಸರು ಬರೆಸಿ" ಅಂತ ಹೇಳಬಹುದು. ಮುಂದಿನ ವರ್ಷಕ್ಕೂ ಅದೇ ಮಫ್ಫು ಬರುತ್ತದೆ.

ಕರಪತ್ರ ಅಚ್ಚಾಗುವಾಗ ಪ್ರವೇಶ ಶುಲ್ಕ ಎಷ್ಟು, ಮೊದಲ ಬಹುಮಾನ ಏನು, ತೀರ್ಪುಗಾರರ ತೀರ್ಮಾನವೇ ಅಂತಿಮ ಅಂತೆಲ್ಲ ಹಾಕ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಕಿವಿಗೆ ರಕ್ಷಣೆ ಇಲ್ಲದವರಿಗೆ ಕೋವಿ ಕೊಡಲಾಗುವುದಿಲ್ಲ. ಒಂದು ಸಾಲಿಗೆ ಪ್ರೆಸ್ಸಿನವರು ಹೆಚ್ಚಿಗೆ ದುಡ್ಡು ಕೇಳೋದಿಲ್ಲ, ನಾವು ವಿಚಾರಿಸಿ ಆಗಿದೆ.